ಅಪ್‌ಡೇಟ್: ಬ್ಲೆಂಡರ್‌ನಲ್ಲಿ ಇಳಕಲ್ ಸೀರೆಯ ನಿರಿಗೆ ಸರಿಯಾದವು

ಕೇಳಿದ್ದು ಇಷ್ಟು: ಹುಬ್ಬಳ್ಳಿಯ ಅಂಗಡಿಯೊಂದರ ಕ್ಯಾಟಲಾಗ್‌ಗಾಗಿ ಬ್ಲೆಂಡರ್ ಎಂಬ 3ಡಿ ತಂತ್ರಾಂಶದಲ್ಲಿ ಡಿಜಿಟಲ್ ಮಾಡೆಲ್‌ಗೆ ಇಳಕಲ್ ಸೀರೆ ಉಡಿಸಿದರೆ ಸೆರಗು ರಬ್ಬರಿನಂತೆ ಜಗ್ಗುತ್ತಿತ್ತು, ನಿರಿಗೆಗಳು ಒಂದರೊಳಗೊಂದು ತೂರುತ್ತಿದ್ದವು. ಎರಡೂ ಬಗೆಹರಿದಿವೆ.

ಜಗ್ಗಲು ಕಾರಣ ತೂಕ. ಬಟ್ಟೆಯ ಸೆಟ್ಟಿಂಗ್‌ನಲ್ಲಿರುವ ವರ್ಟೆಕ್ಸ್ ಮಾಸ್ ಎಂದರೆ ಇಡೀ ಬಟ್ಟೆಯದಲ್ಲ, ಅದರ ಮೆಶ್‌ನ (ಬಿಂದುಗಳನ್ನು ಜೋಡಿಸಿದ ಬಲೆಯ) ಒಂದೊಂದು ಬಿಂದುವಿನ ತೂಕ. 5.5 ಮೀಟರ್ ಉದ್ದ, 1.15 ಮೀಟರ್ ಅಗಲದ ಮೆಶ್‌ನಲ್ಲಿ ಸೆಂಟಿಮೀಟರಿಗೊಂದು ಬಿಂದು ಇಟ್ಟರೆ 63,000 ದಾಟುತ್ತದೆ. ಮೊದಲೇ ಇರುವ ಅಂಕಿಯಂತೆ ತಲಾ 0.3 ಕಿಲೋ ಎಂದರೆ ಸೀರೆ 19 ಟನ್! ನಿಜವಾದ ತೂಕಕ್ಕೇ ಇಳಿಸಬೇಕಿಲ್ಲ, ಮಾಸ್ 0.05ಕ್ಕೆ ತಂದು, ಟೆನ್ಶನ್ ಮತ್ತು ಕಂಪ್ರೆಶನ್ (ಬಟ್ಟೆ ಹಿಗ್ಗದಂತೆ, ಕುಗ್ಗದಂತೆ ತಡೆಯುವ ಬಿಗಿ) 15ರಿಂದ 40ಕ್ಕೆ, ಕ್ವಾಲಿಟಿ ಸ್ಟೆಪ್ಸ್ (ಪ್ರತಿ ಫ್ರೇಮ್‌ಗೆ ಎಷ್ಟು ಸಲ ಲೆಕ್ಕ ಹಾಕಬೇಕೆಂಬುದು) 5ರಿಂದ 12ಕ್ಕೆ ಏರಿಸಿದರೆ ಸಾಕು. ಮುಂದೆ ಮೆಶ್ ಇನ್ನೂ ಸಣ್ಣದಾಗಿ ಒಡೆದರೆ ಮಾಸ್ ಮತ್ತೆ ಇಳಿಸಲೇಬೇಕು.

ನಿರಿಗೆಗೆ ಸೆಲ್ಫ್ ಕೊಲಿಶನ್ (ಬಟ್ಟೆ ತನ್ನೊಳಗೇ ತೂರದಂತೆ ತಡೆಯುವ ಸೆಟ್ಟಿಂಗ್) ಆನ್ ಇರಬೇಕು. ಅದರ ಡಿಸ್ಟನ್ಸ್ 0.015 ಮೀಟರ್ ಹಾಗೇ ಬಿಟ್ಟರೆ ಅದು ಬಿಂದುಗಳ ನಡುವಿನ ಅಂತರಕ್ಕಿಂತ ಹೆಚ್ಚಾಗುವುದರಿಂದ ಬಟ್ಟೆ ನಡುಗುತ್ತದೆ, 0.004 ಸರಿಹೋಗುತ್ತದೆ. ಮೈಯ ಕೊಲಿಶನ್‌ನಲ್ಲಿ ಔಟರ್ ಥಿಕ್‌ನೆಸ್ 0.02 ಇದ್ದರೆ ಸೀರೆ ಎರಡು ಸೆಂಟಿಮೀಟರ್ ದೂರವೇ ತೇಲುತ್ತದೆ, ಅದಕ್ಕೂ 0.004. ಇದಕ್ಕೆಲ್ಲ ಮೊದಲು ಕಂಟ್ರೋಲ್-ಎ ಒತ್ತಿ ಸ್ಕೇಲ್ ಅಪ್ಲೈ (ಹಿಗ್ಗಿಸಿ ಕುಗ್ಗಿಸಿದ ಅಳತೆಯನ್ನು ಖಾಯಂ) ಮಾಡಿರಬೇಕು, ಇಲ್ಲವಾದರೆ ಈ ಯಾವ ಅಂಕಿಗೂ ಅರ್ಥವಿಲ್ಲ. ಸೊಂಟಕ್ಕೆ ಸಿಕ್ಕಿಸುವ ಭಾಗವನ್ನೂ ಹೆಗಲ ಮೇಲಿನ ಭಾಗವನ್ನೂ ಪಿನ್ ಗ್ರೂಪ್‌ಗೆ (ಜಾರದಂತೆ ಹಿಡಿದಿಡುವ ಬಿಂದುಗಳ ಗುಂಪಿಗೆ) ಸೇರಿಸಿ.

ದಡಿ ಮಾತ್ರ ಇನ್ನೂ ಮೆತ್ತಗೆ ಬೀಳುತ್ತಿದೆ. ಅದಕ್ಕೆ ಬೇರೆ ಬೆಂಡಿಂಗ್ ಗ್ರೂಪ್ (ಬಾಗುವ ಬಿಗಿಯನ್ನು ಬೇರೆಯಾಗಿಡುವ ಬಿಂದುಗಳ ಗುಂಪು) ಕೊಟ್ಟು ನೋಡಬೇಕು.