ಪದಚರ್ಚೆ: ಮೆಸೇಜ್ ಕ್ಯೂ ಟ್ರೇಸಿಂಗ್‌ನ ‘ಸ್ಪ್ಯಾನ್’, ‘ಲಿಂಕ್’ ಇವಕ್ಕೆ ಏನನ್ನೋಣ?

ಗೆಳೆಯರಿಗೆಲ್ಲ ನಮಸ್ಕಾರ.

ನಮ್ಮ ತಂಡಕ್ಕೆ ಹೊಸದಾಗಿ ಸೇರುವ ಹುಡುಗ ಹುಡುಗಿಯರಿಗೆ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಮೆಸೇಜ್ ಕ್ಯೂ ಬಳಸುವ ಅಪ್ಲಿಕೇಶನ್‌ಗಳಿಗೆ ಟ್ರೇಸಿಂಗ್ ಅಳವಡಿಸೋದು ಹೇಗೆ ಅನ್ನೋದು ಅದರ ವಿಷಯ. ಕೆಲವು ಪದ ತಾವಾಗಿಯೇ ಕೂತವು, ಕೆಲವು ಸತಾಯಿಸುತ್ತಿವೆ. ಇಲ್ಲಿ ಕಂಪ್ಯೂಟರ್‌ನವರಲ್ಲದವರೇ ಜಾಸ್ತಿ, ಹಾಗಾಗಿ ಮೊದಲು ವಿಷಯ ಹೇಳಿಬಿಡುತ್ತೇನೆ.

ಒಬ್ಬರು ಮೊಬೈಲ್‌ನಲ್ಲಿ ಸೀರೆ ಆರ್ಡರ್ ಮಾಡಿದರು ಅಂದುಕೊಳ್ಳಿ. ಆರ್ಡರ್ ತೆಗೆದುಕೊಂಡ ಪ್ರೋಗ್ರಾಮ್ ಎಲ್ಲ ಕೆಲಸವನ್ನೂ ತಾನೇ ಮಾಡುವುದಿಲ್ಲ. ‘ಇಂಥ ಆರ್ಡರ್ ಬಂದಿದೆ’ ಅಂತ ಒಂದು ಸಂದೇಶ ಬರೆದು ಮೆಸೇಜ್ ಕ್ಯೂಗೆ, ಅಂದರೆ ಸಂದೇಶಗಳನ್ನು ಸಾಲಾಗಿ ಇಟ್ಟುಕೊಳ್ಳುವ ಕಾಫ್ಕಾನೋ ರ‍್ಯಾಬಿಟ್‌ಎಂಕ್ಯೂನೋ ಯಾವುದೋ ಒಂದು ತಂತ್ರಾಂಶಕ್ಕೆ ಹಾಕಿ ತನ್ನ ಪಾಡಿಗೆ ತಾನು ಮುಂದಿನ ಆರ್ಡರ್ ನೋಡುತ್ತದೆ. ಬಿಲ್ ಮಾಡುವ ಪ್ರೋಗ್ರಾಮ್, ಎಸ್ಸೆಮ್ಮೆಸ್ ಕಳಿಸುವ ಪ್ರೋಗ್ರಾಮ್ ಇವೆಲ್ಲ ಬಿಡುವಾದಾಗ ಅದನ್ನು ಓದಿಕೊಳ್ಳುತ್ತವೆ. ಈಗ ಎಸ್ಸೆಮ್ಮೆಸ್ 11 ನಿಮಿಷ ತಡವಾಗಿ ಬಂತು ಅಂತ ದೂರು ಬರುತ್ತದೆ. ಪ್ರೋಗ್ರಾಮ್‌ಗಳು ಬರೆದಿಡುವ ದಾಖಲೆ (ಲಾಗ್) ತೆಗೆದು ನೋಡಿದರೆ ಆರ್ಡರ್ ಪ್ರೋಗ್ರಾಮ್ 4 ಮಿಲಿಸೆಕೆಂಡ್‌ನಲ್ಲಿ ಸಂದೇಶ ಹಾಕಿ ಮುಗಿಸಿದೆ. ಎಸ್ಸೆಮ್ಮೆಸ್ ಪ್ರೋಗ್ರಾಮ್ ಕೂಡ ಕೈಗೆತ್ತಿಕೊಂಡ 200 ಮಿಲಿಸೆಕೆಂಡ್‌ಗೆ ಕಳಿಸಿದೆ. ಇಬ್ಬರೂ ಸಾಚಾ! ಮಧ್ಯದ 11 ನಿಮಿಷಕ್ಕೆ ಮಾತ್ರ ಯಾರದೂ ಲೆಕ್ಕವಿಲ್ಲ.

ಇದನ್ನು ಹಿಡಿಯೋಕೆ ಪ್ರತಿ ಆರ್ಡರ್‌ಗೂ ಒಂದು ಗುರುತು ಕೊಟ್ಟು, ಅದನ್ನು ಸಂದೇಶದ ಜೊತೆಗೇ ಕ್ಯೂ ದಾಟಿಸುತ್ತೇವೆ. ಟ್ರೇಸಿಂಗ್ ಅಂದರೆ ಇದೇ. ವೆಬ್‌ನ ಮಾನದಂಡಗಳನ್ನು ರೂಪಿಸುವ ಡಬ್ಲ್ಯೂ3ಸಿ ಸಂಸ್ಥೆ 2020ರಲ್ಲಿ ಗೊತ್ತುಮಾಡಿದ ಮಾದರಿಯಲ್ಲಿ ಇದು 55 ಅಕ್ಷರಗಳ ಒಂದು ಸಾಲು. ಆವೃತ್ತಿಗೆ 2, ಇಡೀ ಪಯಣದ ಗುರುತಿಗೆ 32, ಕಳಿಸಿದ ಕೆಲಸದ ಗುರುತಿಗೆ 16, ಸೂಚನೆಗೆ 2, ನಡುವೆ ಮೂರು ಅಡ್ಡಗೆರೆ. ಕಾಫ್ಕಾದಲ್ಲಿ ಇದನ್ನು ಹೆಡರ್‌ನಲ್ಲಿ, ಅಂದರೆ ಸಂದೇಶದ ಒಡಲಿಗೆ ಹೊರಗಿರುವ ಟಿಪ್ಪಣಿಯಲ್ಲಿ, ಇಡುವ ಅನುಕೂಲ ಬಂದದ್ದು 2017ರ 0.11 ಆವೃತ್ತಿಯಲ್ಲಿ. ಅಲ್ಲಿಯವರೆಗೆ ಸಂದೇಶದ ಒಡಲೊಳಗೇ ತುರುಕಬೇಕಿತ್ತು.

ಇನ್ನು ಪದಗಳು. ‘ಟ್ರೇಸ್’ಗೆ ‘ಜಾಡು’ ಅಂತ ಇಟ್ಟಿದ್ದೇನೆ, ಇದರಲ್ಲಿ ನನಗೆ ಅನುಮಾನವಿಲ್ಲ. ‘ಜಾಡು ಸಿಕ್ತಾ?’, ‘ಜಾಡು ಹಿಡಿದು ಹೋಗು’, ‘ಕ್ಯೂ ದಾಟುವಾಗ ಜಾಡು ತಪ್ಪಿತು’. ಎಲ್ಲವೂ ಮೊದಲಿಂದ ಇರುವ ಮಾತು. ಇನ್ನೊಂದು ತಮಾಷೆ: ಜಾಡು ತೋರಿಸುವ ಉಪಕರಣಗಳಲ್ಲಿ ಯೇಗರ್ ಅಂತ ಒಂದಿದೆ, ಊಬರ್ ಕಂಪನಿಯಲ್ಲಿ ಹುಟ್ಟಿದ್ದು. ಜರ್ಮನ್‌ನಲ್ಲಿ ಆ ಪದಕ್ಕೆ ಬೇಟೆಗಾರ ಅಂತ ಅರ್ಥ. ಬೇಟೆಗಾರ ಹಿಡಿಯೋದು ಜಾಡನ್ನೇ ಅಲ್ವಾ? ಇಂಗ್ಲಿಷಿನಲ್ಲಿ ಇದಕ್ಕೆ ‘ಡಿಸ್ಟ್ರಿಬ್ಯೂಟೆಡ್ ಟ್ರೇಸಿಂಗ್’ ಅಂತಾರೆ. ಅದರ ‘ಡಿಸ್ಟ್ರಿಬ್ಯೂಟೆಡ್’ ಅನ್ನೋದನ್ನ ಮಾತ್ರ ಬಿಟ್ಟೇಬಿಟ್ಟೆ. ‘ವಿತರಣಾ ಜಾಡು’ ಅಂದರೆ ನ್ಯಾಯಬೆಲೆ ಅಂಗಡಿ ನೆನಪಾಗುತ್ತದೆ.

‘ಕ್ಯೂ’ ಕ್ಯೂ ಆಗಿಯೇ ಇರಲಿ. ಬ್ಯಾಂಕಿನಲ್ಲೂ ಬಸ್ ಸ್ಟ್ಯಾಂಡಿನಲ್ಲೂ ಎಲ್ಲರೂ ಅನ್ನೋದು ಹಾಗೇ. ‘ಸರತಿ ಸಾಲು’ ಪತ್ರಿಕೆಯವರಿಗಿರಲಿ.

ಸಂದೇಶ ಹಾಕುವ ಪ್ರೋಗ್ರಾಮ್ ‘ಪ್ರೊಡ್ಯೂಸರ್’, ಅದನ್ನು ಓದಿಕೊಳ್ಳುವುದು ‘ಕನ್ಸ್ಯೂಮರ್’. ಈ ಜೋಡಿ ನೋಡಿ. ಒಂದು ಕರಡಿನಲ್ಲಿ ‘ಉತ್ಪಾದಕ’, ‘ಗ್ರಾಹಕ’ ಅಂತಿತ್ತು. ಅದರಲ್ಲಿ ಹೀಗೊಂದು ವಾಕ್ಯ: ‘ಗ್ರಾಹಕ ಸಂದೇಶ ಓದದಿದ್ದರೆ ಅದು ಕ್ಯೂನಲ್ಲೇ ಉಳಿಯುತ್ತದೆ.’ ಓದಿದವರೆಲ್ಲ ಸೀರೆ ಕೊಂಡವರು ಎಸ್ಸೆಮ್ಮೆಸ್ ತೆರೆದು ನೋಡಲಿಲ್ಲ ಅಂತಲೇ ಅಂದುಕೊಂಡರು. ‘ನಿರ್ಮಾಪಕ’ ಅಂದರೆ ಗಾಂಧಿನಗರ. ಕೊನೆಗೆ ‘ಕಳಿಸುವ ಕಡೆ’, ‘ಓದುವ ಕಡೆ’ ಅಂತ ಮಾಡಿದೆ. ಪದ ಎರಡಾದರೂ ಗೊಂದಲವಿಲ್ಲ. ಕಾಫ್ಕಾಕ್ಕಂತೂ ‘ಓದುವ’ ಅನ್ನೋದೇ ಸರಿ, ಯಾಕೆಂದರೆ ಅಲ್ಲಿ ಒಬ್ಬರು ಓದಿದ ಮಾತ್ರಕ್ಕೆ ಸಂದೇಶ ಖಾಲಿಯಾಗುವುದಿಲ್ಲ.

‘ಲ್ಯಾಗ್’ಗೆ ‘ಬಾಕಿ’ ಹಾಕಿದ್ದೇನೆ. ಇನ್ನೂ ಓದದೆ ಉಳಿದ ಸಂದೇಶ ಎಷ್ಟು ಅನ್ನುವ ಎಣಿಕೆ ಅದು. ಒಂದು ಸಂದೇಶ ಎಷ್ಟು ಹೊತ್ತು ಕಾಯಿತು ಅನ್ನೋದು ಬೇರೆ ಮಾತು. ಅದಕ್ಕೆ ‘ಕಾದ ಹೊತ್ತು’. ಮೇಲಿನ 11 ನಿಮಿಷ ಇದೇ. ‘ವಿಳಂಬ’ ಅಂದರೆ ಎರಡೂ ಕಲಸಿಹೋಗುತ್ತವೆ.

‘ಡೆಡ್ ಲೆಟರ್ ಕ್ಯೂ’ಗೆ ಒಬ್ಬರು ‘ಬಟವಾಡೆಯಾಗದ ಕ್ಯೂ’ ಅಂತ ಸೂಚಿಸಿದರು. ಪದ ಚೆನ್ನಾಗಿದೆ, ಆದರೆ ಅಲ್ಲಿಗೆ ಬರುವ ಸಂದೇಶಗಳು ಬಹಳ ಸಲ ಬಟವಾಡೆ ಆಗಿರುತ್ತವೆ. ಓದುವ ಕಡೆಯವರು ಮತ್ತೆ ಮತ್ತೆ ಪ್ರಯತ್ನಿಸಿ, ಆಗದೆ ಕೈಬಿಟ್ಟಿರುತ್ತಾರೆ. ‘ಕೈಬಿಟ್ಟ ಕ್ಯೂ’ ಸಾಕು.

ನಿಜವಾದ ತಲೆನೋವು ಮುಂದಿದೆ.

‘ಸ್ಪ್ಯಾನ್’ ಅಂದರೆ ಜಾಡಿನಲ್ಲಿ ಒಂದು ಕೆಲಸ, ಶುರುವಾದ ಹೊತ್ತು ಮುಗಿದ ಹೊತ್ತು ಸಮೇತ. ನಿಘಂಟು ತೆಗೆದರೆ ‘ಗೇಣು’. ಸೊಗಸಾಗಿದೆ, ಆದರೆ ಗೇಣು ಉದ್ದ ಅಳೆಯುತ್ತದೆಯೇ ಹೊರತು ಹೊತ್ತನ್ನಲ್ಲ. ‘ಹೆಜ್ಜೆ’ ಜಾಡಿಗೆ ಒಳ್ಳೇ ಜೋಡಿ. ಹೆಜ್ಜೆಗೆ ಮಾತ್ರ ಅವಧಿ ಇಲ್ಲ, ಇಟ್ಟರೆ ಮುಗಿಯಿತು. ಒಂದು ಹೆಜ್ಜೆಯೊಳಗೆ ಇನ್ನೊಂದು ಹೆಜ್ಜೆಯೂ ಕೂರುವುದಿಲ್ಲ, ಸ್ಪ್ಯಾನ್‌ಗಳು ಕೂರುತ್ತವೆ. ಸದ್ಯಕ್ಕೆ ‘ಮಜಲು’ ಅಂತಿದ್ದೇನೆ. ‘ಮಜಲು ಶುರು ಮಾಡು’, ‘ಮಜಲು ಮುಗಿಸು’ ಅನ್ನಬಹುದು. ಒಳಮಜಲು ಅಂದರೂ ಕಿವಿಗೆ ತೀರಾ ಕಟುವಲ್ಲ. ಆದರೆ ಹೊಸ ಹುಡುಗರಿಗೆ ಮಜಲು ಗೊತ್ತಾ ಅನ್ನೋದೇ ಸಂಶಯ.

ಸ್ಪ್ಯಾನ್‌ಗೆ ‘ಪೇರೆಂಟ್’ ಅಂತ ಒಂದಿರಬಹುದು, ಇದ್ದರೆ ಒಂದೇ ಒಂದು. ಗೂಗಲ್‌ನವರು 2010ರಲ್ಲಿ ಡ್ಯಾಪರ್ ಅನ್ನುವ ತಮ್ಮ ಟ್ರೇಸಿಂಗ್ ವ್ಯವಸ್ಥೆಯ ಬಗ್ಗೆ ಪ್ರಬಂಧ ಬರೆದಾಗ ಅವರ ಕಣ್ಣ ಮುಂದೆ ಇದ್ದದ್ದು ಕರೆದು, ಉತ್ತರಕ್ಕೆ ಕಾಯುವ ಪ್ರೋಗ್ರಾಮ್‌ಗಳು. ಕರೆದದ್ದು ತಾಯಿ, ಕರೆಸಿಕೊಂಡದ್ದು ಮರಿ. ಮರಿಯ ಕೆಲಸ ಮುಗಿಯುವವರೆಗೆ ತಾಯಿ ಕಾಯುತ್ತಾಳೆ. ಮರದ ಹಾಗೆ ಚಿತ್ರ ಬರೆದರೆ ಸರಿಹೋಗುತ್ತದೆ. ಕ್ಯೂನಲ್ಲಿ ತಾಯಿ 4 ಮಿಲಿಸೆಕೆಂಡ್‌ನಲ್ಲಿ ಹೊರಟುಹೋಗಿರುತ್ತಾಳೆ, ಮರಿ ಹುಟ್ಟೋದು 11 ನಿಮಿಷ ಆದ ಮೇಲೆ. ಅದನ್ನೂ ಸಹಿಸಬಹುದು. ಆದರೆ ಕಾಫ್ಕಾದಲ್ಲಿ ಓದುವ ಕಡೆಯವರು ಸಂದೇಶಗಳನ್ನು ಕಂತೆ ಕಂತೆಯಾಗಿ ಎತ್ತುತ್ತಾರೆ. ಯಾರೂ ಬದಲಾಯಿಸದಿದ್ದರೆ ಒಂದು ಸಲಕ್ಕೆ 500ರವರೆಗೂ ಬರಬಹುದು. 500 ಆರ್ಡರ್‌ಗಳನ್ನು ಒಟ್ಟಿಗೆ ಮುಗಿಸುವ ಒಂದು ಮಜಲಿಗೆ ತಾಯಿ ಯಾರು?

ಅದಕ್ಕೇ ಟ್ರೇಸಿಂಗ್ ಅಳವಡಿಸಲು ಬಳಸುವ ಓಪನ್‌ಟೆಲಿಮೆಟ್ರಿ ಅನ್ನುವ ಮುಕ್ತ ಯೋಜನೆಯಲ್ಲಿ ‘ಲಿಂಕ್’ ಇದೆ. ತಾಯಿ ಹೆಚ್ಚೆಂದರೆ ಒಂದು, ಇಲ್ಲದೆಯೂ ಇರಬಹುದು; ಲಿಂಕ್ ಹಲವಾರು ಇರಬಹುದು. ‘ಈ ಕೆಲಸಕ್ಕೆ ಅವೂ ಕಾರಣ’ ಅಂತ ಬರೆದಿಟ್ಟ ಹಾಗೆ, ಅಷ್ಟೇ. ಕೈಪಿಡಿಯಲ್ಲಿ ಮೊದಲು ‘ಕೊಂಡಿ’ ಅಂತ ಹಾಕಿದ್ದೆ. ಆದರೆ ವೆಬ್‌ಪುಟದ ಲಿಂಕಿಗೂ ಕೊಂಡಿ ಅಂತಾರೆ. ಯೇಗರ್ ಪರದೆಯಲ್ಲಿ ಎರಡೂ ಇರುತ್ತವೆ. ‘ಕೊಂಡಿ ಒತ್ತಿ ಕೊಂಡಿ ನೋಡಿ’ ಅಂತ ಬರೆಯಬೇಕಾಗುತ್ತದೆ. ಕೊಂಡಿ ಅಂದರೆ ಎರಡನ್ನೂ ಬಿಗಿದು ಕಟ್ಟಿದ ಭಾವ ಬೇರೆ.

ಈಗ ನನ್ನ ಮನಸ್ಸು ‘ಉಲ್ಲೇಖ’ದ ಕಡೆ ವಾಲಿದೆ. ನಮ್ಮ ಸರ್ಕಾರಿ ಕಚೇರಿಯ ಯಾವ ಪತ್ರ ತೆಗೆದರೂ ‘ವಿಷಯ’ ಅಂತ ಒಂದು ಸಾಲು, ಅದರ ಕೆಳಗೆ ‘ಉಲ್ಲೇಖ’ ಅಂತ ಇನ್ನೊಂದು. ಅಲ್ಲಿ ಹಿಂದಿನ ಪತ್ರಗಳ ಸಂಖ್ಯೆ, ದಿನಾಂಕ ಒಂದರ ಕೆಳಗೊಂದು ಇರುತ್ತವೆ. ಒಂದಿರಬಹುದು, ಆರಿರಬಹುದು. ಬರೆದವರು ವರ್ಗವಾಗಿ ಹೋಗಿರಬಹುದು, ಪತ್ರ ತಿಂಗಳುಗಟ್ಟಲೆ ಮೇಜಿನ ಮೇಲೆ ಇದ್ದಿರಬಹುದು. ಆದರೂ ಈ ಪತ್ರ ಯಾಕೆ ಹುಟ್ಟಿತು ಅಂತ ಗೊತ್ತಾಗುತ್ತದೆ. ಲಿಂಕ್ ಮಾಡುವ ಕೆಲಸ ಇದೇ. ಓಪನ್‌ಟೆಲಿಮೆಟ್ರಿ ಹುಟ್ಟಿದ್ದು 2019ರಲ್ಲಿ ಎರಡು ಯೋಜನೆ ಕೂಡಿ. ಅದರಲ್ಲೊಂದಾದ ಓಪನ್‌ಟ್ರೇಸಿಂಗ್‌ನವರು ಇಂಥ ನಂಟನ್ನೆಲ್ಲ ‘ರೆಫರೆನ್ಸ್’ ಅಂತಲೇ ಕರೆಯುತ್ತಿದ್ದರು.

ಸಂಸ್ಕೃತ ಪದ ಅಂತ ಕೆಲವರು ಮೂಗು ಮುರಿಯಬಹುದು. ಕೈಪಿಡಿ ತುಂಬ ಅಂಥದ್ದೇ ಪದಗಳಿದ್ದರೆ ನಾನೂ ಮುರಿಯುತ್ತಿದ್ದೆ. ಇದು ಗ್ರಾಮ ಪಂಚಾಯಿತಿಗೆ ಅರ್ಜಿ ಕೊಟ್ಟವರಿಗೂ ಗೊತ್ತಿರುವ ಪದ.

ನನಗೆ ಬೇಕಾದದ್ದು ಎರಡು. ಒಂದು, ‘ಮಜಲು’ ನಿಮ್ಮ ಊರ ಕಡೆ ಈಗಲೂ ಮಾತಿನಲ್ಲಿದೆಯಾ, ಯಾವ ಅರ್ಥದಲ್ಲಿ? ಇನ್ನೊಂದು, ‘ಉಲ್ಲೇಖ’ ಬೇಡ ಅನ್ನುವವರು ಈ ವಾಕ್ಯವನ್ನು ತಮ್ಮ ಪದ ಹಾಕಿ ಬರೆದು ತೋರಿಸಿ: ‘ಕಂತೆಯಲ್ಲಿ ಬಂದ ಪ್ರತಿ ಸಂದೇಶದ ಗುರುತನ್ನೂ ಓದಿ, ಓದುವ ಕಡೆಯ ಮಜಲಿಗೆ ಉಲ್ಲೇಖವಾಗಿ ಸೇರಿಸಿ, ತಾಯಿಯಾಗಿ ಯಾವುದನ್ನೂ ಇಡಬೇಡಿ.’