ಅಪ್‌ಡೇಟ್: ವಾಯಿದೆ ತಪ್ಪಿದರೆ ಜಾಮೀನು ರದ್ದಾಗುತ್ತದೆಯೇ?

ಜಾಮೀನಿನ ಮೇಲಿರುವ ಆರೋಪಿ ಒಂದು ವಾಯಿದೆಗೆ, ಅಂದರೆ ಕೋರ್ಟಿನ ವಿಚಾರಣೆ ದಿನಕ್ಕೆ, ಬಾರದಿದ್ದರೆ ಏನಾಗುತ್ತದೆ ಎಂದು ಕೇಳಿದ್ದೆ. ಈಗ ಉತ್ತರ ಸಿಕ್ಕಿದೆ.

ಅಂದೇ ಬೆಳಗ್ಗೆ, ಕೇಸು ಕೂಗುವ ಮೊದಲು ವಕೀಲರು ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಕ್ರಿಮಿನಲ್ ಕೇಸು ನಡೆಸುವ ವಿಧಾನದ ಕಾನೂನು) ಕಲಂ 355ರಡಿ ಅಂದಿನ ಹಾಜರಿಯಿಂದ ವಿನಾಯಿತಿ ಕೇಳುವ ಅರ್ಜಿ ಹಾಕಿದರೆ ಸಾಮಾನ್ಯವಾಗಿ ಅಲ್ಲಿಗೇ ಮುಗಿಯುತ್ತದೆ. ಆಸ್ಪತ್ರೆ ಚೀಟಿಯಿದ್ದರೆ ಲಗತ್ತಿಸಿ. ಅರ್ಜಿಯೂ ಇಲ್ಲ, ಆರೋಪಿಯೂ ಇಲ್ಲವೆಂದರೆ ಜಾಮೀನುರಹಿತ ವಾರಂಟ್ ಹೊರಡಬಹುದು, ಜಾಮೀನುದಾರರಿಗೂ ನೋಟಿಸ್ ಹೋಗಬಹುದು. ಹಾಜರಾತಿಗೆಂದು ಬರೆದುಕೊಟ್ಟ ಬಾಂಡ್ ಮುಟ್ಟುಗೋಲಾದರೆ ಕಲಂ 492ರಡಿ ಆರೋಪಿಯದೂ ಜಾಮೀನುದಾರರದೂ ಎರಡೂ ರದ್ದು. ಪೊಲೀಸರು ಹಿಡಿದು ತರಲಿ ಎಂದು ಕೂರುವುದು ದಡ್ಡತನ. ತಾವಾಗಿಯೇ ಹಾಜರಾಗಿ 72(2)ರಡಿ ವಾರಂಟ್ ರದ್ದುಪಡಿಸಲು ಕೇಳಬೇಕು. ಗೈರಿಗೆ ತಕ್ಕ ಕಾರಣವಿಲ್ಲದಿದ್ದರೆ ಮತ್ತೆ ಬಿಡುಗಡೆಗೆ ಬರೀ ಸ್ವಂತ ಬಾಂಡ್ ಸಾಲದು, ಪಹಣಿ, ಆಧಾರ್ ಹಿಡಿದು ಜಾಮೀನುದಾರರು ಬರಬೇಕು. ಮುಟ್ಟುಗೋಲಿನ ಮೊತ್ತದಲ್ಲಿ ಒಂದಷ್ಟು ಮನ್ನಾ ಮಾಡುವ ಅಧಿಕಾರ 491(3)ರಲ್ಲಿ ಕೋರ್ಟಿಗಿದೆ. ಅದನ್ನು ಜಾಮೀನುದಾರರು ಬಾಯಿಬಿಟ್ಟು ಕೇಳಬೇಕು, ಲಿಖಿತವಾಗಿ.