ಕೆರೆ ಏರಿ ಮೇಲೆ ಆರಾಮ್ ಸವಾರಿ: ನಿಂತಿದ್ದ ಸೈಕಲ್‌ಗೆ ಏನೇನು ಮಾಡಿಸ್ಬೇಕು?

ಬಾಲ್ಕನಿ_ಸೈಕಲ್: ಭಾನುವಾರ ಬೆಳಿಗ್ಗೆ ಬೆಂಗಳೂರಿನ ಜಕ್ಕೂರು ಕೆರೆ ಕಡೆ ನಿಧಾನಕ್ಕೆ ಒಂದು ಸುತ್ತು ಹೋಗೋ ಆಸೆ. ರಸ್ತೆಗೂ ಮಣ್ಣು ದಾರಿಗೂ ಆಗೋ ಹೈಬ್ರಿಡ್ ಸೈಕಲ್, 700×38ಸಿ (38 ಮಿ.ಮೀ. ಅಗಲದ) ಟೈರು, 3×7 ಗೇರು (ಮುಂದೆ 3, ಹಿಂದೆ 7), ಎರಡು ವರ್ಷದಿಂದ ನಿಂತಿದೆ. ಮಗಳಿಗೆ ನಾಲ್ಕು ವರ್ಷ, 16 ಕೆಜಿ, ಹಿಂದೆ ಕೂರಿಸ್ಬೇಕು. ಯಾವ ಸೀಟು ಸರಿ? ಅನುಭವ ಇರೋರು ಹೇಳಿ.

ಮುಳ್ಳುಪುರಾಣ: ಮೊದಲು ಜಾಲಿ ಮುಳ್ಳಿನ ವಿಚಾರ. ಕೆರೆ ಕಡೆ ಮಣ್ಣು ದಾರಿ ಅಂದ್ರೆ ಅದೇ ಕಾಟ. ಟ್ಯೂಬ್ ಹಾಕುವಾಗ ಟೈರಿನ ಮೇಲೆ ಅಚ್ಚಾದ ಹೆಸರು ವಾಲ್ವ್ ಇರೋ ಜಾಗಕ್ಕೇ ಬರೋ ಹಾಗೆ ಕೂರಿಸಿ. ತೂತು ಸಿಕ್ಕಿದ ಮೇಲೆ ವಾಲ್ವಿನಿಂದ ದೂರ ಅಳೆದು ಟೈರಲ್ಲಿ ಅದೇ ಜಾಗ ತಡವಿದ್ರೆ ಮುಳ್ಳು ಸಿಗುತ್ತೆ. ಮುಳ್ಳು ತೆಗೀದೆ ಹೊಸ ಟ್ಯೂಬ್ ಹಾಕಿದ್ರೆ ಹತ್ತು ನಿಮಿಷಕ್ಕೆ ಮತ್ತೆ ಠುಸ್. ಒಂದೇ ಚುಕ್ಕೆ ಇದ್ರೆ ಮುಳ್ಳು. ಅಕ್ಕಪಕ್ಕ ಎರಡು ಸೀಳು ಇದ್ರೆ ಗಾಳಿ ಕಮ್ಮಿ ಇದ್ದು ರಿಮ್ ಕಚ್ಚಿದೆ. ರಿಮ್ ಕಡೆ ತೂತಾಗಿದ್ರೆ ಒಳಗಿನ ಪಟ್ಟಿ ಸರಿದು ಸ್ಪೋಕಿನ ತಲೆ ಚುಚ್ಚಿದೆ. ನಾನು ಟೈರ್ ಲೈನರ್ (ಟೈರಿಗೂ ಟ್ಯೂಬಿಗೂ ಮಧ್ಯೆ ಹಾಕೋ ಗಟ್ಟಿ ಪಟ್ಟಿ) ಹಾಕ್ಸಿದೆ, ಎರಡಕ್ಕೂ 450. ಮುಳ್ಳಿನ ಕಾಟ ನಿಂತಿತು, ಆದ್ರೆ ಲೈನರಿನ ತುದಿಯೇ ಟ್ಯೂಬನ್ನ ಕೊಯ್ತು. ಹಾಕೋರು ತುದಿಗೆ ಬಟ್ಟೆ ಟೇಪು ಸುತ್ತಿ.

ಹಸಿರುದ್ರವ: ಲೈನರ್ ದುಡ್ಡು ದಂಡ. ಟ್ಯೂಬಿಗೆ ಸೀಲಂಟ್ (ತೂತನ್ನ ಒಳಗಿಂದಲೇ ಮುಚ್ಚೋ ದ್ರವ) ಹಾಕಿ ಮುಗೀತು. ಒಂದು ಟ್ಯೂಬಿಗೆ 80–100 ಮಿಲಿ. ಹಾಕಿದ ಕೂಡ್ಲೆ ಚಕ್ರ ತಿರುಗಿಸಿ, ಇಲ್ಲಾಂದ್ರೆ ಎಲ್ಲ ಕೆಳಗೇ ನಿಲ್ಲುತ್ತೆ.

ಮುಳ್ಳುಪುರಾಣ: ಮುಗೀತಾ? ನಾಕೈದು ತಿಂಗಳಿಗೆ ಒಣಗಿ ಉಂಡೆಯಾಗುತ್ತಲ್ಲ, ಅದನ್ನೂ ಬರೀರಿ. ವಾಲ್ವು ಕಟ್ಟಿಕೊಂಡು ಪಂಪಲ್ಲಿ ಗಾಳಿ ಏರಲ್ಲ. ಒಳಗೆ ಆ ಅಂಟು ಇದ್ರೆ ಆಮೇಲೆ ಪ್ಯಾಚೂ ನಿಲ್ಲಲ್ಲ.

ಹಸಿರುದ್ರವ: ಪ್ಯಾಚ್ ನಿಲ್ಲದಿರೋದು ಹಾಕೋರ ಕೈಗುಣ. ಉಪ್ಪುಕಾಗದದಲ್ಲಿ ತೂತಿನ ಸುತ್ತ ಹೊಳಪು ಹೋಗೋವರೆಗೂ ಉಜ್ಜಿ, ಸೊಲ್ಯೂಷನ್ ತೆಳ್ಳಗೆ ಸವರಿ, ಐದು ನಿಮಿಷ ಬಿಡಿ. ಬೆರಳಿಗೆ ಅಂಟದ ಹಾಗೆ ಆದ್ಮೇಲೆ ಒತ್ತಬೇಕು. ಹಸಿ ಇರುವಾಗಲೇ ಒತ್ತಿದ್ರೆ ಅಂಚು ಏಳುತ್ತೆ.

ಮೂರುಸಾವಿರ_ಹೋಯ್ತು: ಗಾಳಿ ಲೆಕ್ಕ ಯಾರೂ ಹೇಳ್ಲಿಲ್ಲ. 75 ಕೆಜಿ ಆಳಿಗೆ 38ರ ಟೈರಲ್ಲಿ ಹಿಂದೆ 55, ಮುಂದೆ 45 ಪಿಎಸ್‌ಐ ಸಾಕು. ಟೈರಿನ ಪಕ್ಕದಲ್ಲಿ ಅಚ್ಚಾದ ಕನಿಷ್ಠಕ್ಕಿಂತ ಇಳಿಸ್ಬೇಡಿ. ಪಂಕ್ಚರ್ ಅಂಗಡಿಯವರು ಕಂಪ್ರೆಸರಲ್ಲಿ ಗಟ್ಟಿ ಹೊಡೆದು ಕಳಿಸ್ತಾರೆ, ಕೆರೆ ಏರಿಯ ಕಲ್ಲೆಲ್ಲ ಸೊಂಟಕ್ಕೇ ತಾಗುತ್ತೆ. ಇನ್ನು ಚೈನು. ಹೊಸ ಚೈನ್ 600 ಕೊಟ್ಟು ಹಾಕ್ಸಿದೆ, ಹಳೇ ಫ್ರೀವೀಲ್ (ಹಿಂದಿನ ಚಕ್ರದ ಹಲ್ಲುಚಕ್ರಗಳ ಗುಚ್ಛ) ಮೇಲೆ ಎಗರಿ ಎಗರಿ ಬಿತ್ತು. ಫ್ರೀವೀಲ್ 850. ಆಮೇಲೆ ಮುಂದಿನ ಹಲ್ಲುಚಕ್ರವೂ ಸವೆದಿದೆ ಅಂತ ಗೊತ್ತಾಯ್ತು, ಅದಕ್ಕೆ 1200. ಕೂಲಿ 350. ಮೊದಲೇ ಅಳತೆ ಮಾಡಿ: ಚೈನಿನ ಒಂದು ಪಿನ್ನಿನ ಮಧ್ಯಕ್ಕೆ ಸ್ಕೇಲ್ ಇಟ್ರೆ 12 ಇಂಚಿಗೆ ಸರಿಯಾಗಿ ಇನ್ನೊಂದು ಪಿನ್ನಿನ ಮಧ್ಯ ಬರ್ಬೇಕು. ಇಂಚಿನ ಹದಿನಾರನೇ ಒಂದು ಭಾಗ ಆಚೆ ಹೋಗಿದ್ರೆ ಚೈನ್ ಬದಲಿಸಿ, ಎಂಟನೇ ಒಂದು ಭಾಗ ಹೋಗಿದ್ರೆ ಫ್ರೀವೀಲೂ ಸೇರಿಸಿ.

ಒಂಟಿಗೇರು: ಬಾಲ್ಕನೀಲಿ ನಿಂತ ಚೈನ್ ಸವೆಯುತ್ತೇನ್ರೀ? ತುಕ್ಕು ಹಿಡಿಯುತ್ತೆ ಅಷ್ಟೆ. ಸೀಮೆಎಣ್ಣೆ ಸಿಕ್ಕಿದ್ರೆ ಅದು, ಇಲ್ಲಾಂದ್ರೆ ಡೀಸೆಲ್, ಹಳೇ ಬ್ರಷ್ಷಲ್ಲಿ ಉಜ್ಜಿ, ಒಣಗಿಸಿ, ಒಂದೊಂದು ಕೊಂಡಿಗೆ ಒಂದೊಂದು ಹನಿ ಎಣ್ಣೆ ಬಿಟ್ಟು ಹೊರಗಿನದನ್ನ ಒರೆಸಿ. ಕೊಬ್ಬರಿ ಎಣ್ಣೆ ಬೇಡ, ಧೂಳು ಹಿಡಿದು ಹಿಟ್ಟಾಗುತ್ತೆ. ಕೆರೆ ದಂಡೆಗೆ 21 ಗೇರು ಯಾಕೆ ಅಂತ. ಮೂಗಿಗಿಂತ ಮೂಗುತಿ ಭಾರ. ನನ್ನ ಸಿಂಗಲ್ ಸ್ಪೀಡಿಗೆ ವರ್ಷಕ್ಕೆ 200 ದಾಟಿಲ್ಲ.

ಮೂರುಸಾವಿರ_ಹೋಯ್ತು: ಆ ಸಿಂಗಲ್ ಸ್ಪೀಡಲ್ಲೇ ಹೆಬ್ಬಾಳ ಫ್ಲೈಓವರ್ ಹತ್ತಿ ತೋರ್ಸಿ. ಕೆರೆ ಮನೆ ಬಾಗಿಲಿಗೆ ಬರಲ್ಲ.

ಮಡಚು: ಅದಕ್ಕೇ ಮಡಚೋ ಸೈಕಲ್, ಮೆಟ್ರೋಲಿ ಕಬ್ಬನ್ ಪಾರ್ಕ್. ಭಾನುವಾರ ಒಳಗೆ ಗಾಡಿ ಬಿಡಲ್ಲ.

ಒಂಟಿಗೇರು: ಅವರು ಕೇಳಿದ್ದು ಕೆರೆ, ಸ್ವಾಮಿ. ಕಬ್ಬನ್ ಪಾರ್ಕಲ್ಲಿ ಇರೋದು ಕೊಳ. ಅದೂ ಅಲ್ದೆ ಒಳಗೆ ಒಯ್ಯೋ ಸಾಮಾನಿಗೆ ಮೆಟ್ರೋದವರ ಅಳತೆ 60×45×25 ಸೆಂ.ಮೀ., ತೂಕ 15 ಕೆಜಿ ಒಳಗೆ. 20 ಇಂಚಿನ ಚಕ್ರ ಒಂದೇ ಟೈರು ಸೇರಿ 50 ಸೆಂ.ಮೀ. ಬರುತ್ತೆ. ಹೆಂಗೆ ಮಡಚಿದ್ರೂ 45ರೊಳಗೆ ಹಿಡಿಸಲ್ಲ.

ಮಡಚು: ಚೀಲದೊಳಗಿದ್ರೆ ನನ್ನನ್ನ ಯಾರೂ ತಡೆದಿಲ್ಲ.

ಒಂಟಿಗೇರು: ತಡೆದ ದಿನ ಬಂದು ಬರೀರಿ.

ನಡೆಯೋಳು: ನಡೆಯೋರ ಮಾತನ್ನೂ ಕೇಳಿ. ಗೇಟಿನ ಬೋರ್ಡು ಮೊದಲು ಓದಿ, ಕೆರೆಯಿಂದ ಕೆರೆಗೆ ನಿಯಮ ಬೇರೆ. ಲಾಲ್‌ಬಾಗಲ್ಲೂ ಕೆರೆ ಇದೆ, ಸೈಕಲ್ ಮಾತ್ರ ಬಿಡಲ್ಲ. ದಾರಿ ಕಿರಿದಾದ ಕಡೆ ಇಳಿದು ತಳ್ಳಿ. ಬೆನ್ನ ಹಿಂದೆ ಎರಡಡಿಗೆ ಬಂದು ಬೆಲ್ ಹೊಡೆದ್ರೆ ವಯಸ್ಸಾದೋರು ಗಾಬರಿಯಾಗಿ ಅಡ್ಡಕ್ಕೇ ಬರ್ತಾರೆ. ಹತ್ತು ಮೀಟರ್ ಮುಂಚೆ ಒಂದು ಸಲ ಸಾಕು.

ಹಸಿರುದ್ರವ: ದಾರಿ ತುಂಬ ಐದು ಜನ ಸಾಲಾಗಿ ನಡೆದ್ರೆ ಎಲ್ಲಿಗೆ ಹೋಗ್ಬೇಕು?

ನಡೆಯೋಳು: ಹಿಂದೆ. ನಿಧಾನಕ್ಕೆ ತಾನೆ ಬಂದಿರೋದು?

ಬಾಲ್ಕನಿ_ಸೈಕಲ್: ಎಲ್ಲರಿಗೂ ಥ್ಯಾಂಕ್ಸ್. ಮಗು ಸೀಟಿನ ಬಗ್ಗೆ…?

ಮುಳ್ಳುಪುರಾಣ: ಕ್ಯಾರಿಯರ್ ಮೇಲೆ ಎಷ್ಟು ಕೆಜಿ ಅಂತ ಅಚ್ಚಾಗಿದೆ ನೋಡಿ. 25 ಇದ್ರೆ 16 ಕೆಜಿ ಮಗು, ನಾಕು ಕೆಜಿ ಸೀಟು ಹಿಡಿಸುತ್ತೆ. ಅಚ್ಚೇ ಇಲ್ಲದ ಕ್ಯಾರಿಯರಿಗೆ ಕೂರಿಸ್ಬೇಡಿ. ಐದು ಕಡೆ ಬಿಗಿಯೋ ಬೆಲ್ಟು, ಕಾಲು ಸ್ಪೋಕಿಗೆ ಸಿಗದ ಹಾಗೆ ಎರಡೂ ಬದಿ ಮರೆ ಇರ್ಲೇಬೇಕು. ಅವಳಿಗೂ ಹೆಲ್ಮೆಟ್ ಹಾಕಿ. ನಿಮ್ಮ ಸೀಟಿನ ಕೆಳಗೆ ಬರಿ ಸ್ಪ್ರಿಂಗ್ ಇದ್ರೆ ಮುಚ್ಚಿಸಿ, ಮಗು ಬೆರಳು ಹಾಕುತ್ತೆ. ಹಿಂದಿನ ಗಾಳಿ 60ಕ್ಕೆ ಏರಿಸಿ. ಒಂಟಿ ಸ್ಟ್ಯಾಂಡ್ ಹಾಕಿ ಮಗೂನ ಅದರ ಮೇಲೆ ಬಿಟ್ಟು ಕೈ ತೆಗೀಬೇಡಿ.

ಹಸಿರುದ್ರವ: 60 ಜಾಸ್ತಿಯಾಯ್ತು. 55 ಸಾಕು.